ಮಾವನ ಬೆನ್ನಿನ ಕೆಂಪು ಪಟ್ಟಿ

ನನ್ನ ಹೊಸ ಸ್ಕೂಟಿಗೆ ದೀಪ ಆರಿಸುವ ಗುಂಡಿಯೇ ಇಲ್ಲ ಎಂಬ ಸಂಗತಿ ನಮ್ಮ ಮಾವನವರಿಗೆ ಗೊತ್ತಾದ ದಿನ ಮನೆಯಲ್ಲಿ ಎಲ್ಲರ ಊಟ ತಡವಾಯಿತು. ಅವರು ಗಾಡಿಯ ಸುತ್ತ ಮೂರು ಸಲ ತಿರುಗಿದರು. ಹ್ಯಾಂಡಲ್ಲಿನ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕಡೆಗೆ ಸೀಟು ಎತ್ತಿಯೂ ನೋಡಿದರು.

"ಯವ್ವಾ, ನಿನಗ ಮೋಸ ಆಗೈತಿ. ಬಟನ್ ಹಚ್ಚೂದು ಮರತು ಗಾಡಿ ಕೊಟ್ಟಾರ."

"ಮರತಿಲ್ರಿ ಮಾವಾರ. ಈಗಿನ ಗಾಡಿ ಎಲ್ಲಾ ಹಿಂಗ ಬರ್ತಾವು. ಇಂಜಿನ್ ಚಾಲೂ ಆತಂದ್ರ ಲೈಟೂ ಚಾಲೂ."

"ಹಗಲಾಗ ಲೈಟ್ ಯಾಕ ಬೇಕ?"

"ಎದರಿನವ್ರಿಗೆ ನಾವು ಕಾಣ್ಲಿ ಅಂತ್ರಿ."

"ಕಾಣದಂಗಿರಾಕ ನೀ ಏನ್ ಇರುವಿ ಅದಿಯೇನ?" ಎಂದರು ಮಾವ.

ನಾನು ಇರುವೆಯಲ್ಲ ಎಂಬುದನ್ನು ನನ್ನ ಗಾತ್ರ ನೋಡಿದ ಯಾರಾದರೂ ಒಪ್ಪುತ್ತಾರೆ.

ಮಾವ ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವರು. ನಮ್ಮ ಹೊಲದ ಕಬ್ಬು, ನೆರೆಯವರ ಕಬ್ಬು, ಎಲ್ಲವನ್ನೂ ಹೇರಿಕೊಂಡು ಕೃಷ್ಣೆಯ ಸೇತುವೆ ದಾಟಿ ಶಿರಗುಪ್ಪಿ ಕಡೆಗೆ ಹೋಗಿ ಬಂದವರು. ಬೆಳದಿಂಗಳಿದ್ದರೆ ದೀಪ ಆರಿಸಿಯೇ ಓಡಿಸುತ್ತಿದ್ದೆ ಎಂದು ಈಗಲೂ ಮೀಸೆ ತಿರುವುತ್ತ ಹೇಳುತ್ತಾರೆ. ಅವರ ಪ್ರಕಾರ ದೀಪ ಇರುವುದು ನೋಡಲಿಕ್ಕೆ. ತನಗೆ ದಾರಿ ಕಾಣುತ್ತಿದ್ದರೆ ದೀಪ ಉರಿಸುವುದು ಸೊಕ್ಕು. ಬೇರೆಯವರಿಗೆ ತಾನು ಕಾಣಿಸಬೇಕು ಎಂಬ ಮಾತು ಅವರ ತಲೆಗೆ ಹೋಗುತ್ತಲೇ ಇರಲಿಲ್ಲ. ತಾನು ಇದ್ದೇನೆ, ಅಂದಮೇಲೆ ಜನರಿಗೆ ಕಾಣಿಸಲೇಬೇಕು, ಅಷ್ಟೆ.

ನಮ್ಮದು ಅಂಕಲಿಯ ಹತ್ತಿರ, ಚಿಕ್ಕೋಡಿ ರಸ್ತೆಗೆ ಹೊಂದಿಕೊಂಡ ತೋಟದ ಮನೆ. ನಾನು ಅದೇ ರಸ್ತೆಯಲ್ಲಿ ಮುಂದೆ ಒಂದು ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮನೆಯಲ್ಲಿ ಮಾವ, ಅತ್ತೆ, ನಾನು, ನನ್ನ ಗಂಡ. ಗಂಡ ಸಕ್ಕರೆ ಕಾರ್ಖಾನೆಯ ಶಿಫ್ಟಿನ ಮನುಷ್ಯ. ಈ ಬರಹದುದ್ದಕ್ಕೂ ಅವರು ಒಳಗಿನ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದಾರೆ ಎಂದು ತಿಳಿದುಕೊಂಡರೆ ಸಾಕು.

ನಮ್ಮ ಕಡೆ ರಸ್ತೆಯಲ್ಲಿ ಒಂದು ಪದ್ಧತಿ ಇದೆ. ಹಗಲು ಹೊತ್ತಿನಲ್ಲಿ ಯಾರದಾದರೂ ಗಾಡಿಯ ದೀಪ ಉರಿಯುತ್ತಿದ್ದರೆ ಎದುರು ಬಂದವರು ಕೈ ಎತ್ತಿ ಬೆರಳುಗಳನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು ತೋರಿಸುತ್ತಾರೆ. ನಿಮ್ಮ ಲೈಟ್ ಚಾಲೂ ಇದೆ, ಆರಿಸಿ ಎಂದು ಅರ್ಥ. ಹೊಸ ಗಾಡಿಗಳ ದೀಪ ಆರುವುದೇ ಇಲ್ಲ ಎಂದು ಎಲ್ಲರಿಗೂ ಗೊತ್ತಾಗಿ ಎಷ್ಟೋ ಕಾಲವಾಯಿತು. ಆದರೂ ಕೈ ಎತ್ತುವವರು ಎತ್ತುತ್ತಲೇ ಇದ್ದಾರೆ. ಎಮ್ಮೆ ಹೊಡೆದುಕೊಂಡು ಹೋಗುವವರು, ಬಸ್ಸಿನ ಕಿಟಕಿಯಲ್ಲಿ ಕೂತವರು, ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೊರಟ ಹೆಂಗಸರು, ಎಲ್ಲರೂ ನನ್ನ ಹಿತಚಿಂತಕರು.

ಸಂತೆಯ ದಿನ ಮಾವ ನನ್ನ ಹಿಂದೆ ಕೂತು ಚಿಕ್ಕೋಡಿಗೆ ಬರುತ್ತಿದ್ದರು. ಎದುರಿನಿಂದ ಕೈ ಎದ್ದಾಗಲೆಲ್ಲ ಅವರಿಗೆ ಉತ್ತರ ಕೊಡದೆ ಇರಲು ಆಗುತ್ತಿರಲಿಲ್ಲ. ಮರ್ಯಾದಸ್ಥರು ನೋಡಿ.

"ಹೌದ್ರಿ, ಗೊತ್ತೈತಿ, ಆರಂಗಿಲ್ರಿ!"

ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಇನ್ನೊಂದು ಕೈ. "ಹೌದ್ರಿ, ಗೊತ್ತೈತಿ, ಆರಂಗಿಲ್ರಿ!" ಚಿಕ್ಕೋಡಿ ಮುಟ್ಟುವ ಹೊತ್ತಿಗೆ ಅವರ ಗಂಟಲು ಕಟ್ಟಿರುತ್ತಿತ್ತು. ಮರಾಠಿ ಮಂದಿ ಎಂದು ಅನುಮಾನ ಬಂದರೆ ಅದನ್ನೇ ಮರಾಠಿಯಲ್ಲೂ ಒಮ್ಮೆ ಹೇಳುತ್ತಿದ್ದರು.

ಒಂದು ದಿನ ನಾನು ಶಾಲೆಗೆ ಹೊರಟಾಗ ದಾರಿಯುದ್ದಕ್ಕೂ ಯಾರೂ ಕೈ ಎತ್ತಲಿಲ್ಲ. ಎಮ್ಮೆಯವನು ಎತ್ತಲಿಲ್ಲ, ಬಸ್ಸಿನವರು ಎತ್ತಲಿಲ್ಲ. ಊರಿಗೇ ನನ್ನ ಮೇಲೆ ಸಿಟ್ಟು ಬಂತೇ ಎಂದು ಇಳಿದು ನೋಡಿದರೆ ದೀಪದ ಮೇಲೆ ಮಾವನ ಹಳೆಯ ಟಾವೆಲ್ಲನ್ನು ಹದಿನಾರು ಗಂಟು ಹಾಕಿ ಬಿಗಿಯಲಾಗಿತ್ತು. ಸಂಜೆ ಕೇಳಿದರೆ, "ಲೈಟ್ ಸುಮ್ಮನ ಸವೀತೈತೆವ್ವಾ" ಎಂದರು. ಅತ್ತೆ ಮಾತ್ರ ಆ ಟಾವೆಲ್ಲನ್ನು ನನ್ನಿಂದ ಇಸಿದುಕೊಂಡು, "ಎರಡ ದಿನದಿಂದ ಹುಡಕಾಕತ್ತಿದ್ದೆ ಇದನ್ನ" ಎಂದು ಒಗೆಯಲು ಹಾಕಿದರು.

ಇಲ್ಲಿಯವರೆಗೆ ಎಲ್ಲವೂ ನಗೆಯ ಮಾತೇ. ಚಳಿಗಾಲ ಬಂದಾಗ ನಗು ಸ್ವಲ್ಪ ಕಡಿಮೆಯಾಯಿತು.

ನಮ್ಮಲ್ಲಿ ಹೊಳೆಯ ಮಂಜು ಬೆಳಿಗ್ಗೆ ಕಬ್ಬಿನ ಮೇಲಿಂದ ಇಳಿದು ರಸ್ತೆಗೆ ಬಂದು ಕೂತುಬಿಡುತ್ತದೆ. ಎಂಟು ಗಂಟೆಯಾದರೂ ಏಳುವುದಿಲ್ಲ. ಅದೇ ಹೊತ್ತಿಗೆ ಕಾರ್ಖಾನೆಗಳು ಶುರುವಾಗಿ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೂ ಎರಡೆರಡು ಟ್ರಾಲಿ, ಮೇಲೆ ಮನೆಯಷ್ಟು ಎತ್ತರ ಕಬ್ಬು, ಮುಂದೆ ಮದುವೆ ಮಂಟಪದಷ್ಟು ಬಣ್ಣದ ದೀಪ, ಹಿಂದೆ ಮಾತ್ರ ಕತ್ತಲೆ. ಇಂಥ ರಸ್ತೆಯ ಅಂಚಿನಲ್ಲಿ ಮಾವ ದಿನಾಲೂ ಬೆಳಿಗ್ಗೆ ಆರೂವರೆಗೆ ಕರಿಯ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹೊದ್ದು ಹೊಲಕ್ಕೆ ನಡೆದು ಹೋಗುತ್ತಾರೆ. ಸಂಜೆ ಮತ್ತೆ ಅದೇ ಕಂಬಳಿಯಲ್ಲಿ ಕ್ರಾಸಿನ ಚಹಾದಂಗಡಿಗೆ. ಎಪ್ಪತ್ತೆರಡು ವರ್ಷದ ಮನುಷ್ಯ, ಸ್ಕೂಟಿ ಮೇಲೆ ಬಿಡುತ್ತೇನೆ ಎಂದರೆ "ನಡೀಲಿಲ್ಲಂದ್ರ ಕಾಲ ಹಿಡೀತಾವು" ಎನ್ನುತ್ತಿದ್ದರು. ಬ್ಯಾಟರಿ ಹಿಡಿದುಕೊಳ್ಳಿ ಎಂದರೆ ಸಿದ್ಧಾಂತ ಶುರುವಾಗುತ್ತಿತ್ತು.

"ನನಗ ರೋಡ್ ಚಂದ ಕಾಣತೈತಿ. ಬ್ಯಾಟರಿ ಕಣ್ಣ ಇಲ್ಲದವರಿಗೆ."

ಆ ಶನಿವಾರ ನನಗೆ ಬೆಳಗಿನ ಶಾಲೆ. ಏಳು ಗಂಟೆಗೇ ಹೊರಟೆ. ತಲೆಗೆ ಹೆಲ್ಮೆಟ್, ಮುಖಕ್ಕೆ ಸುತ್ತಿದ ಸ್ಕಾರ್ಫ್, ಮೈಮೇಲೆ ಗಂಡನ ಜಾಕೀಟು. ಮಂಜಿನಲ್ಲಿ ನನ್ನ ದೀಪ ಮುಂದಿನ ನಾಲ್ಕು ಮಾರು ಹಾಲಿನಂಥ ಬಿಳುಪನ್ನು ಬಿಟ್ಟು ಇನ್ನೇನನ್ನೂ ತೋರಿಸುತ್ತಿರಲಿಲ್ಲ. ನಿಧಾನವಾಗಿಯೇ ಹೋಗುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಆದರೂ ಆ ಬಿಳುಪಿನೊಳಗಿಂದ ಒಂದು ಕರಿಯ ಗುಡ್ಡೆ ಒಮ್ಮೆಲೇ ಎದ್ದು ನಿಂತಂತಾಯಿತು. ಎರಡೂ ಬ್ರೇಕು ಹಿಡಿದೆ. ಗಾಡಿ ಜಾರಿತು, ತಿರುಗಿತು, ಎಡಗಡೆಯ ಕನ್ನಡಿ ಕಂಬಳಿಗೆ ತಾಗಿ ಮಡಚಿಕೊಂಡಿತು. ನಿಂತೆ. ಕರಿಯ ಗುಡ್ಡೆ ಪಕ್ಕದ ಕಬ್ಬಿನ ಒಣಗರಿಯ ರವದಿಯ ಮೇಲೆ ಹಾರಿ, ತಿರುಗಿ, ನನ್ನ ದೀಪಕ್ಕೆ ಎದುರಾಗಿ ಬಾಯಿ ತೆರೆಯಿತು.

ಮಾವನ ಧ್ವನಿ!

ಒಂದು ಗೇಣು. ಅಷ್ಟೇ ಅಂತರ. ಬೇರೆ ಯಾರೂ ಅಲ್ಲ, ನಾನು, ಈ ಮನೆಯ ಸೊಸೆ, ನನ್ನ ಕೈಯಾರೆ ಅವರನ್ನು ಕೆಡವಿ ಹಾಕುವವಳಿದ್ದೆ. ಅವರು ಮಾತ್ರ ನೆಟ್ಟಗೆ ನಿಂತು, ಎಲ್ಲೂ ಏಟಾಗದವರ ಉಸಿರಿನಲ್ಲಿ ಬೈಯುತ್ತಿದ್ದರು. ದೀಪ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಅದರ ಹಿಂದೆ ಯಾರಿದ್ದಾರೆ ಎಂದು ಅವರಿಗೆ ಕಾಣುತ್ತಿರಲಿಲ್ಲ.

ಆ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ನಾನು ಸೊಸೆಯಾಗಿ ಬಂದ ಈ ಹದಿನೆಂಟು ವರ್ಷದಲ್ಲಿ ಮಾವ ನನ್ನೆದುರು ಒಂದೂ ಒರಟು ಮಾತಾಡಿದವರಲ್ಲ. ನಾನು ಪಡಸಾಲೆಗೆ ಬಂದರೆ ಕಾಲು ಮಡಚಿ ಕೂರುವವರು. ಆವತ್ತು ಅವರ ಬಾಯಿಂದ ನನ್ನ ತಾಯಿಯ ಬಗ್ಗೆ, ಅಜ್ಜಿಯ ಬಗ್ಗೆ, ನನಗೆ ಗಾಡಿ ಕಲಿಸಿದವರ ಬಗ್ಗೆ ಬಂದದ್ದನ್ನು ಕೇಳಿ, ಕನ್ನಡ ಕಲಿಸುವ ನಾನು ಎಷ್ಟು ಕಡಿಮೆ ಕನ್ನಡ ಬಲ್ಲೆ ಎಂದು ಗೊತ್ತಾಯಿತು. ಮಾತಾಡಿದರೆ ಗುರುತು ಸಿಗುತ್ತದೆ. ದೀಪದ ಮುಂದೆ ಎರಡೂ ಕೈ ಚಾಚಿ ಮುಗಿದೆ, ಗಾಡಿ ಹೊರಳಿಸಿ ಮಂಜಿನೊಳಗೆ ಸೇರಿಕೊಂಡೆ. ನನ್ನ ಬದುಕಿನಲ್ಲಿ ನಾನು ಮಾಡಿದ ಹೇಡಿತನದ ಕೆಲಸಗಳಲ್ಲಿ ಅದೇ ದೊಡ್ಡದು.

ಮಧ್ಯಾಹ್ನ ಮನೆಗೆ ಬಂದಾಗ ಮಾವ ಕಟ್ಟೆಯ ಮೇಲೆ ಕೂತು ನಾಲ್ಕು ಜನರಿಗೆ ಆ ಕಥೆ ಹೇಳುತ್ತಿದ್ದರು.

"ಬುಲೆಟ್ ಗಾಡಿ. ಎಂಎಚ್ ಪಾಸಿಂಗ್. ಆರ ಫೂಟ್ ಆಳ, ದಾಡಿ ಬಿಟ್ಟಿದ್ದ. ಕುಡದಿದ್ದ ಮಗ, ಬಾಯಾಗ ಮಾತ ಹೊಂಡವಲ್ತು. ಕೈ ಮುಗದು ಓಡಿದ."

ನಮ್ಮ ರಸ್ತೆಯಲ್ಲಿ ಏನೇ ಕೆಟ್ಟದ್ದಾದರೂ ಅದು ಎಂಎಚ್ ಪಾಸಿಂಗಿನ, ಅಂದರೆ ಮಹಾರಾಷ್ಟ್ರದ, ಗಾಡಿಯಿಂದಲೇ ಆಗುತ್ತದೆ. ಗಡಿಯಾಚೆ ನಮ್ಮ ಬೀಗರು ಇದೇ ಮಾತನ್ನು ಕೆಎ ಪಾಸಿಂಗ್ ಬಗ್ಗೆ ಹೇಳುತ್ತಾರೆ. ನಾನು ತಲೆ ತಗ್ಗಿಸಿ, ದಾಡಿ ಇಲ್ಲದ ನನ್ನ ಗಲ್ಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದೆ.

ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ತಲೆ ಎತ್ತದೆಯೇ ಕೇಳಿದರು: "ಸ್ಕೂಟಿ ಕನ್ನಡಿಗೆ ಕಂಬಳಿ ಉಣ್ಣಿ ಹೆಂಗ ಹತ್ತೇತಿ?"

ಅಳು ಬಂದುಬಿಟ್ಟಿತು. ಎಲ್ಲ ಹೇಳಿದೆ. ಅತ್ತೆ ಬಡಿಯುತ್ತಿದ್ದ ರೊಟ್ಟಿ ಮುಗಿಸಿ ಹಂಚಿಗೆ ಹಾಕಿದರು. ಆಮೇಲೆ, "ನೀ ಆಗಿದ್ದಕ್ಕ ನಿಂತಿ. ನಾಳಿಗಿ ಟ್ರ್ಯಾಕ್ಟರ್ ಬಂದ್ರ ನಿಂದ್ರತೈತೇನ?" ಎಂದರು. ಮಾವನಿಗೆ ಹೇಳಿ ಉಪಯೋಗವಿಲ್ಲ ಎಂಬುದರಲ್ಲಿ ನಮ್ಮಿಬ್ಬರಿಗೂ ಅನುಮಾನವಿರಲಿಲ್ಲ.

ಸೋಮವಾರ ಶಾಲೆ ಬಿಟ್ಟ ಮೇಲೆ ಚಿಕ್ಕೋಡಿಗೆ ಹೋಗಿ ರೇಡಿಯಂ ಅಂಗಡಿಯ ಮುಂದೆ ನಿಂತೆ. ನಂಬರ್ ಪ್ಲೇಟು ಬರೆಯುವ, ಟ್ರಾಲಿಗಳಿಗೆ ಹೊಳೆಯುವ ಪಟ್ಟಿ ಅಂಟಿಸುವ ಅಂಗಡಿ.

"ಯಾವ ಗಾಡಿಗ್ರಿ ಅಕ್ಕಾರ?" ಎಂದರು ಅಂಗಡಿಯವರು.

"ಹಳೇ ಗಾಡಿರಿ. ಇಂಡಿಕೇಟರ್ ಇಲ್ಲ, ಹಿಂದ ಲೈಟ್ ಇಲ್ಲ. ಹಾರ್ನ್ ಮಾತ್ರ ಜೋರ ಐತಿ."

"ಎಷ್ಟ ವರ್ಷದ್ದರಿ?"

"ಎಪ್ಪತ್ತೆರಡು."

ಅವರು ಕತ್ತರಿ ಕೆಳಗಿಟ್ಟರು. "ಇನ್ನೂ ರೋಡಿನ ಮ್ಯಾಗ ಓಡಾಡತೈತೇನ್ರಿ?"

"ಅದ ನೋಡ್ರಿ ಚಿಂತಿ. ನಿಲ್ಲಸಾಕ ಆಗವಲ್ತು."

ಕಡೆಗೆ ನಿಜ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, ಅಂಟಿಸುವುದು ಕಂಬಳಿಗೆ ನಿಲ್ಲುವುದಿಲ್ಲ ಎಂದು, ಪೊಲೀಸರ ಜಾಕೀಟಿಗೆ ಇರುವಂಥ ಹೊಲಿಯುವ ಪಟ್ಟಿಯನ್ನು ಹುಡುಕಿ ಕೊಟ್ಟರು. ಹಿಂದಕ್ಕೆ ಕೆಂಪು, ಮುಂದಕ್ಕೆ ಬಿಳಿ, ಅದೇ ನಿಯಮ ಎಂದರು. ಬೆನ್ನಿಗೆ ಸಾಕೆಂದು ಕೆಂಪು ಮಾತ್ರ ತಂದೆ.

ಅತ್ತೆ ಕೌದಿ ಹೊಲಿಯುವುದರಲ್ಲಿ ಪಳಗಿದ ಕೈ. ಮಾವ ಮಧ್ಯಾಹ್ನ ಮಲಗಿದಾಗ ಕಂಬಳಿಯನ್ನು ತೊಡೆಯ ಮೇಲೆ ಹರಡಿಕೊಂಡು, ಕೌದಿಯ ಹೊಲಿಗೆಯಲ್ಲೇ ಎರಡು ಉದ್ದ ಪಟ್ಟಿ ಕೂಡಿಸಿದರು. ಬರಿಗಣ್ಣಿಗೆ ಅದು ಸುಮ್ಮನೆ ಕೆಂಪು ಬಟ್ಟೆ. ದೀಪ ಬಿದ್ದರೆ ಮಾತ್ರ ಕೆಂಡ. ಮಾವ ಎದ್ದು ನೋಡಿ ಕೇಳಿದರು.

"ಇದೇನ ಹಚ್ಚಿ?"

"ನುಸಿ ತಿಂದಿತ್ತು. ತ್ಯಾಪಿ ಹಾಕೇನಿ."

"ಕೆಂಪದ ಯಾಕ?"

"ಮನ್ಯಾಗ ಅದ ಇತ್ತು. ನಿಮ್ಮ ಬೆನ್ನ ನೋಡಾಕ ಯಾರ ಬರ್ತಾರ?" ಎಂದು ಅತ್ತೆ ದಾರ ಕಡಿದರು. ಇಷ್ಟು ಸಲೀಸಾಗಿ ಸುಳ್ಳು ಹೇಳುವವರ ಜೊತೆ ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೆನಲ್ಲ ಎಂದು ನನಗೆ ಹೆಮ್ಮೆಯೂ ಭಯವೂ ಆಯಿತು.

ಮಾರನೆಯ ದಿನದಿಂದ ಒಂದು ಪವಾಡ ನಡೆಯಿತು. ಮೊದಲು ಕಬ್ಬಿನ ಸೋಗೆ ಮೈಗೆ ತಾಗುವಷ್ಟು ಹತ್ತಿರ ಹಾಯುತ್ತಿದ್ದ ಟ್ರ್ಯಾಕ್ಟರುಗಳು ಈಗ ದೂರದಿಂದಲೇ ವೇಗ ಇಳಿಸಿ, ಅರ್ಧ ರಸ್ತೆ ಬಿಟ್ಟು ಸುತ್ತಿ ಹೋಗತೊಡಗಿದವು. ಮಾವನಿಗೆ ಆನಂದ.

"ಈಗಿನ ಡ್ರೈವರ್ ಮಂದಿ ಬಾಳ ಸುಧಾರಿಸ್ಯಾರ. ಹಳೇ ಮನಷಾ, ನಮ್ಮ ಲೈನಿನಾಂವ ಅಂತ ಗುರ್ತ ಹಿಡದು ದಾರಿ ಬಿಡ್ತಾರ. ಹಿರ್ಯಾರ ಮ್ಯಾಗ ಗೌರವ ಇನ್ನೂ ಐತಿ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಹೋದರು. ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮೂರು ವಾರ ಹೀಗೇ ನಡೆಯಿತು. ಮಾವ ಎದೆ ಉಬ್ಬಿಸಿ ನಡೆಯುತ್ತಿದ್ದರು. ಶನಿವಾರ ಮಂಜಿನಲ್ಲಿ ನಾನು ದೂರದಿಂದಲೇ ಆ ಎರಡು ಕೆಂಪು ಗೆರೆ ನೋಡಿ, ಸುತ್ತಿ, ಬೇಗ ದಾಟಿ ಹೋಗುತ್ತಿದ್ದೆ.

ಗುಟ್ಟು ಒಡೆದದ್ದು ಒಂದು ಗುರುವಾರ ಸಂಜೆ, ಕ್ರಾಸಿನ ಚಹಾದಂಗಡಿಯ ಮುಂದೆ. ಮಾವ ಅಂಗಡಿಗೆ ಬೆನ್ನು ಮಾಡಿ ನಿಂತು ಯಾರಿಗೋ ಡ್ರೈವರುಗಳ ಸುಧಾರಣೆಯ ಬಗ್ಗೆ ಹೇಳುತ್ತಿದ್ದರಂತೆ. ಕತ್ತಲಾಗುತ್ತಿತ್ತು. ಅಂಗಡಿಯ ಕಡೆಯಿಂದ ಒಂದು ಟ್ರ್ಯಾಕ್ಟರ್ ರಸ್ತೆಗೆ ಹೊರಳಿತು. ಅದರ ಮಂಟಪದಷ್ಟು ದೀಪವೆಲ್ಲ ಮಾವನ ಬೆನ್ನಿಗೆ ಬಿತ್ತು, ಬೆನ್ನು ಹೊತ್ತಿಕೊಂಡಿತು. ಚಾಲಕ ಪಕ್ಕಕ್ಕೆ ಬಂದಾಗ ಕೈ ಎತ್ತಿ, ಬೆರಳು ಮುಚ್ಚಿ ತೆರೆದು, ಮುಚ್ಚಿ ತೆರೆದು ತೋರಿಸಿ ಕೂಗಿದ:

"ಅಜ್ಜಾರ, ಲೈಟ್ ಚಾಲೂ ಅದಾವ್ರಿ!"

ಇಡೀ ಚಹಾದಂಗಡಿ ನಕ್ಕಿತು. ಮಾವ ಚಹಾ ಬಿಟ್ಟು ಮನೆಗೆ ಬಂದರು. ಕಂಬಳಿಯನ್ನು ಪಡಸಾಲೆಯಲ್ಲಿ ಎಸೆದು, ನನ್ನ ಸ್ಕೂಟಿ ಚಾಲೂ ಮಾಡಿಸಿ, ದೀಪದ ಬೆಳಕಿನಲ್ಲಿ ಅದನ್ನು ನೋಡಿದರು. ಪಟ್ಟಿ ಧಗಧಗ ಹೊಳೆಯಿತು.

"ನನ್ನನ್ನ ಟ್ರಾಲಿ ಮಾಡೀರಿ" ಎಂದರು.

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆವು. ಕೂಗಾಡಲಿಲ್ಲ. ಕುಡಗೋಲು ತೆಗೆದುಕೊಂಡು ಹೊಲಿಗೆ ಒಂದೊಂದಾಗಿ ಬಿಡಿಸುತ್ತ, ಯಾರನ್ನೂ ನೋಡದೆ ಅಂದರು: "ಅವ್ರು ನನಗ ದಾರಿ ಬಿಡ್ತಿರಲಿಲ್ಲ. ಈ ಕೆಂಪ ಅರಿವಿ ತುಂಡಿಗೆ ಬಿಡ್ತಿದ್ರು."

ನಾವು ನಕ್ಕ ಮೂರು ವಾರ ಅವರು ಬದುಕಿದ್ದೇ ಆ ಗೌರವದ ಮೇಲೆ. ಅದನ್ನು ಕಿತ್ತುಕೊಂಡವರು ನಾವೇ, ಕೊಟ್ಟವರೂ ನಾವೇ.

ಶುಕ್ರವಾರ ಬೆಳಿಗ್ಗೆ ಅವರು ಪಟ್ಟಿ ಇಲ್ಲದ ಕರಿಯ ಕಂಬಳಿ ಹೊದ್ದು ಹೊರಟರು. ಮಂಜು ಎರಡೇ ಹೆಜ್ಜೆಯಲ್ಲಿ ಅವರನ್ನು ನುಂಗಿತು. ಅತ್ತೆ ಅವರು ವಾಪಸು ಬರುವವರೆಗೂ ರಸ್ತೆಯ ಕಡೆ ಕಿವಿ ಇಟ್ಟೇ ಕೂತಿದ್ದರು, ಒಂದು ಗುಟುಕು ಚಹಾ ಕುಡಿಯಲಿಲ್ಲ. ಮರುದಿನ ಶನಿವಾರ. ಮತ್ತೆ ನಾನು, ಅದೇ ರಸ್ತೆ, ಅದೇ ಮಂಜು. ಈ ಸಲ ಬ್ರೇಕು ಹಿಡಿಯದಿದ್ದರೆ?

ಶುಕ್ರವಾರ ಸಂಜೆಯೇ ಅವರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದಾಗ ಹೋಗಿ ಕಂಬ ಹಿಡಿದು ನಿಂತೆ.

"ಮಾವಾರ, ಒಂದ ಮಾತ ಹೇಳ್ತೇನ್ರಿ. ಆ ಎಂಎಚ್ ಪಾಸಿಂಗ್ ಗಾಡಿ ನಂದ್ರಿ."

ಅವರು ನನ್ನನ್ನು ನೋಡಿದರು.

"ಬುಲೆಟ್ ಅಲ್ರಿ, ನನ್ನ ಸ್ಕೂಟಿ. ನನಗ ನೀವು ಕಾಣಲಿಲ್ರಿ. ಒಂದ ಗೇಣ ಉಳದಿತ್ತು. ಈಗೂ ಕಣ್ಣ ಮುಚ್ಚಿದ್ರ ಅದ ಬರ್ತೈತಿ. ನಾ ಇರುವಿ ಅಲ್ಲ, ನೀವೂ ಇರುವಿ ಅಲ್ರಿ, ಆದ್ರೂ ಕಾಣಲಿಲ್ಲ. ನಾಳಿಗಿ ಮತ್ತ ನಾ ಅದ ದಾರಿಗೆ ಬರಬೇಕ್ರಿ. ನನಗ ಅಂಜಿಕಿ ಬರ್ತೈತ್ರಿ."

ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರ ಮುಖ ಮಾತ್ರ ನಿಧಾನಕ್ಕೆ ಬೇರೆಯೇ ಆಗತೊಡಗಿತು. ಕಿವಿಯ ತನಕ ಕೆಂಪೇರಿತು. ಮಡಚದೆ ಬಿಟ್ಟಿದ್ದ ಕಾಲನ್ನು ಮಡಚಿಕೊಂಡರು.

"ಹಂಗಾರ... ಅವತ್ತ ನಾ ಬೈದದ್ದೆಲ್ಲಾ ನಿನಗ ಕೇಳಿಸ್ತ?"

ಎಪ್ಪತ್ತೆರಡು ವರ್ಷದ ಮನುಷ್ಯನಿಗೆ ತಾನು ಸಾಯುವವನಿದ್ದೆ ಎಂಬುದಕ್ಕಿಂತ ಅದೇ ದೊಡ್ಡ ಚಿಂತೆಯಾಗಿತ್ತು.

"ಇಲ್ರಿ ಮಾವಾರ. ಹೆಲ್ಮೆಟ್ ಹಾಕ್ಕೊಂಡಿದ್ದೆ. ಏನೂ ಕೇಳಿಸ್ಲಿಲ್ರಿ" ಎಂದೆ. ಅತ್ತೆಯ ಗರಡಿಯಲ್ಲಿ ಪಳಗಿದವಳು, ರೆಪ್ಪೆ ಬಡಿಯದೆ ಹೇಳಿದೆ.

ಅವರು ಉಸಿರು ಬಿಟ್ಟರು. ಎದ್ದು ಒಳಗೆ ಹೋದರು.

ಶನಿವಾರ ಬೆಳಿಗ್ಗೆ ಆರೂವರೆಯಾದರೂ ಮಾವ ಹೊರಟಿರಲಿಲ್ಲ. ಪಡಸಾಲೆಯಲ್ಲಿ ಅತ್ತೆ ಕಂಬಳಿ ಹರಡಿಕೊಂಡು ಸೂಜಿ ಓಡಿಸುತ್ತಿದ್ದರು. ಮಾವ ಪಕ್ಕದಲ್ಲಿ ಕೂತು, ಬಿಚ್ಚಿದ್ದ ಕೆಂಪು ಪಟ್ಟಿಯನ್ನು ಎಳೆದು ಹಿಡಿದುಕೊಂಡಿದ್ದರು. ನನ್ನನ್ನು ನೋಡಿ ಗಂಟಲು ಸರಿಮಾಡಿಕೊಂಡರು.

"ಯವ್ವಾ, ಇವತ್ತ ಸಾಲಿ ಬಿಟ್ಟ ಮ್ಯಾಗ ಆ ಅಂಗಡಿಗೆ ಹೋಗಿ ಬಿಳೇ ಪಟ್ಟಿನೂ ತಗೊಂಡ ಬಾ. ಮುಂದಕ್ಕ ಹಚ್ಚಬೇಕು."

"ಮುಂದಕ್ಕೂ ಯಾಕ್ರಿ ಮಾವಾರ?"

"ಮುಂಜಾನಿ ನೀ ಹಿಂದಿಂದ ಬರ್ತಿ. ಸಂಜಿಕ ಸಾಲಿಯಿಂದ ಬರೂಮುಂದ ಎದರಿಗೆ ಬರ್ತಿ. ನಿನ್ನಿಂದ ಎರಡೂ ಕಡೆ ಅಂಜಿಕಿ ಐತಿ ನನಗ." ಪಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿದು, "ಮುಂದಕ್ಕ ಕೆಂಪ ಹಚ್ಚಬ್ಯಾಡ್ರಿ ಮತ್ತ. ನಾ ರಿವರ್ಸ್ ಹೊಂಟೇನಿ ಅಂತಾರ" ಎಂದರು.

ಏಳು ಗಂಟೆಗೆ ನಾನು ಹೊರಟಾಗ ಅವರು ಸ್ವಲ್ಪ ದೂರ ಹೋಗಿದ್ದರು. ಮಂಜಿನಲ್ಲಿ ದೂರದಿಂದಲೇ ಎರಡು ಕೆಂಪು ಗೆರೆ ಕಂಡವು. ನಾನು ವೇಗ ಇಳಿಸಿ ರಸ್ತೆಯ ಆಚೆ ಬದಿಗೆ ಸರಿದೆ. ಮಾವ ತಿರುಗಿ ನೋಡಲಿಲ್ಲ. ಈ ಸಲ ಸ್ಕೂಟಿಯ ಸದ್ದಿನಲ್ಲೇ ಗುರುತು ಹಿಡಿದು, ಕಂಬಳಿಯ ಒಳಗಿಂದ ಒಂದು ಕೈ ಮೇಲೆತ್ತಿ, ಬೆರಳು ಮುಚ್ಚಿ ತೆರೆದು, ಮುಚ್ಚಿ ತೆರೆದು ತೋರಿಸಿದರು.

"ಹೌದ್ರಿ, ಗೊತ್ತೈತಿ, ಆರಂಗಿಲ್ರಿ!" ಎಂದು ಕೂಗಿ ಮುಂದೆ ಹೋದೆ.